ಪೂರ್ತಿ ಬರುವ ತನಕ ಕಾಯುವವನು

“ಮತ್ತೆ ಮೆಮರಿ ಸಾಲ್ಲಿಲ್ವಂತೆ ಮಾರಾಯಾ!”

ಕಂಪ್ಯೂಟರ್ ಉಸಿರುಗಟ್ಟಿ ನಿಂತಿದ್ದು ನೋಡಿ ನಾಗಶ್ರೀಗೆ ನಗು ತಡೆಯಲಾಗಲಿಲ್ಲ. ರೋಹಿತ ತಲೆ ಕೆರೆದುಕೊಂಡ. ಕಿಟಕಿಯಾಚೆ ಕಾರವಾರದ ಕಡಲು ಸಂಜೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಆ ಬೆಳಕೆಲ್ಲ ಬಂದು ಇವನ ಕೆನ್ನೆಯ ಮೇಲೇ ಕೂರಬೇಕೇ? ಹಾಳಾದ ಬೆಳಕು! ಅವಳು ಕಣ್ಣನ್ನು ಕೀಬೋರ್ಡಿಗೆ ಇಳಿಸಿದಳು.

ಇಬ್ಬರೂ ಒಂದೇ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವರು. ಕೇಣಿ ಊರಿನಲ್ಲಿರುವ ರೋಹಿತನ ಅಜ್ಜಿ ಹೊನ್ನಮ್ಮನ ಹಾಡುಗಳನ್ನು ರೆಕಾರ್ಡ್ ಮಾಡಿ, ಅಂಕೋಲೆಯ ಲೈಬ್ರರಿಯ ಹಳೇ ಕಂಪ್ಯೂಟರಿನಲ್ಲಿ ಕೇಳಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಆ ನೆಪದಲ್ಲಿ ಮಳೆಗಾಲವಿಡೀ ಪಕ್ಕಪಕ್ಕ ಕೂತಿದ್ದೇ ಬಂತು. ಅವಳು ಕಾಯುತ್ತಿದ್ದ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ನಾಳೆ ಭಾನುವಾರ, ಚೆಂಡಿಯಾ ಊರಿನ ಅವಳ ಮನೆಗೆ ಹುಡುಗನ ಕಡೆಯವರು ನೋಡಲು ಬರುತ್ತಾರೆ. ಅದು ಅವನಿಗೂ ಗೊತ್ತು.

“ಇಡೀ ಹಾಡನ್ನ ಮೆಮರೀಲಿ ಒಂದೇ ಬೈಟ್ ಅರೇಗೆ ಯಾಕೆ ತುಂಬ್ತೀ?” ಎಂದಳು ನಾಗಶ್ರೀ.

“ನಮ್ಮಲ್ಲಿ ರಂಪಣಿ ಬಲೆ ಹಾಗೇ ಅಲ್ವಾ? ಊರೆಲ್ಲ ಸೇರಿ ಬಲೆ ಪೂರಾ ದಡಕ್ಕೆ ಎಳ್ದ ಮೇಲೇ ಮೀನು ಆರ್ಸೂದು. ಹಾಡೂ ಪೂರಾ ಕೈಲಿದ್ರೆ ಬೇಕಾದಲ್ಲಿ ಹಿಂದಕ್ಕೆ ಮುಂದಕ್ಕೆ ಹೋಗ್ಬಹುದು.”

“ಚಿಕ್ಕ ಹಾಡಾದ್ರೆ ಸರಿ. ನಿಮ್ಮಜ್ಜಿ ಶುರು ಮಾಡಿದ್ರೆ ಮುಗೀತದಾ? ಸ್ಟ್ರೀಮ್ ಹಾಕು. ಬಂದಷ್ಟು ಬಂದ ಹಾಗೇ ಕೇಳ್ಸು, ಆಮೇಲೆ ಮುಂದಿಂದು ತಕೋ.”

“ಸ್ಟ್ರೀಮಲ್ಲಿ ಹೋದದ್ದು ಹೋಯ್ತು. ವಾಪಸ್ ಬರೂದಿಲ್ಲ,” ಎಂದ ರೋಹಿತ ಮೆಲ್ಲಗೆ.

ಅವನು ಹಾಡಿನ ವಿಷಯ ಹೇಳುತ್ತಿಲ್ಲ ಎನ್ನಿಸಿತು ಅವಳಿಗೆ.

ಅವನು ನಾಲ್ಕಾರು ಸಾಲು ಅಳಿಸಿ ಬೇರೆ ಬರೆದ. ಗುಂಡಿ ಒತ್ತಿದ್ದೇ ತಡ, ಹೊನ್ನಮ್ಮನ ದನಿ ಕೋಣೆಗೆ ಬಂದೇಬಿಟ್ಟಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಇನ್ನೊಂದು. ಕಂಪ್ಯೂಟರ್ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ. ಇಬ್ಬರೂ ಮೈಮರೆತು ಕೇಳುತ್ತ ಕೂತರು. ಅವನ ಮೊಣಕೈ ತನ್ನ ಮೊಣಕೈಗೆ ತಾಗಿದ್ದು ಗೊತ್ತಾದರೂ ನಾಗಶ್ರೀ ಸರಿದು ಕೂರಲಿಲ್ಲ.

“ನಾನೂ... ಎಲ್ಲಾ ಜೋಡ್ಸ್ಕಂಡು ಒಟ್ಟಿಗೆ ಹೇಳ್ವಾ ಅಂತಿದ್ದೆ,” ಎಂದ ಅವನು. “ನಿಮ್ಮನೆಯವ್ರಿಗೆ ಏನು ಹೇಳೂದು, ನಮ್ಮನೇಲಿ ಏನು ಹೇಳೂದು, ಎಲ್ಲಾ. ಪೂರ್ತಿ ಆಗ್ಲೇ ಇಲ್ಲ ನೋಡು.”

“ಪೂರ್ತಿ ಬೇಕು ಅಂತ ಯಾರು ಕೇಳಿದ್ರು? ಬಂದಷ್ಟು ಹೇಳು.”

ಅವನ ಕಿವಿ ಕೆಂಪಾದವು. “ನಂಗೆ ನೀ ಬೇಕು.”

“ಮುಂದೆ?”

“ಮುಂದಿಂದು ಇನ್ನೂ ಬಂದಿಲ್ಲ ಮಾರಾಯ್ತಿ!”

ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಎಷ್ಟು ಸಣ್ಣ ಮಾತಿಗೆ ಎಷ್ಟು ಕಾಯಿಸಿದ ಪುಣ್ಯಾತ್ಮ! ಅವಳು ಎದ್ದು ಹೋಗಿ ಸೆಂಟರಿನ ಫೋನಿನಿಂದ ಮನೆಯ ನಂಬರ್ ಹಚ್ಚಿದಳು. ತಾಯಿಯೇ ಎತ್ತಿದಳು.

“ಆಯೀ, ನಾಳೆ ಅವಲಕ್ಕಿ ಮಾಡೂದು ಬೇಡ. ಅವ್ರಿಗೆ ಬರೂದು ಬೇಡ ಅಂತ ಹೇಳ್ಬಿಡು.”

ಆಯಿ ಆಚೆಯಿಂದ ಕೂಗಿದ್ದು ರೋಹಿತನಿಗೂ ಕೇಳಿಸಿತು. ಅವನು ಬಂದು ಅವಳ ಕೈ ಹಿಡಿದು ನಿಂತ.

“ಒಂದೊಂದಾಗೇ ಹೇಳ್ತೆ ಆಯೀ,” ಎಂದಳು ನಾಗಶ್ರೀ. “ಮೊದ್ಲು ಅವನ ಹೆಸರು ಕೇಳು.”