ಸಹಿ ಇಲ್ಲದ ಮೇಲ್‌ಗಳು

2025ರ ಸೆಪ್ಟೆಂಬರ್ 22, ಸೋಮವಾರ, ಬೆಳಿಗ್ಗೆ 10.40ಕ್ಕೆ ಬೆಳ್ತಂಗಡಿ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೆಬಲ್ ಶೀನಪ್ಪ ಎರಡು ಸಲ ಓದಿದರು. ಕಳವಾದದ್ದು ಏನೆಂದು ಅವರಿಗೆ ಗೊತ್ತಾಗಲಿಲ್ಲ.

“ಕಳವಲ್ಲ ಶೀನಪ್ಪ, ಹಾಳು ಮಾಡಿದ್ದು,” ಎಂದರು ಇನ್‌ಸ್ಪೆಕ್ಟರ್ ಅಬೂಬಕ್ಕರ್.

ದೂರು ಕೊಟ್ಟವರು ಉಜಿರೆ ಸಮೀಪದ ಒಂದು ಖಾಸಗಿ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ ಪ್ರೇಮಾವತಿ. ಕಾಲೇಜಿಗೆ ಸ್ವಂತ ಮೇಲ್ ಸರ್ವರ್ ಇತ್ತು. ಅಂದರೆ ಮೇಲ್‌ಗಳನ್ನು ಯಾವುದೋ ದೊಡ್ಡ ಕಂಪನಿಗೆ ಒಪ್ಪಿಸದೆ, ಕಾಲೇಜಿನದ್ದೇ ಒಂದು ಕೋಣೆಯ ಕಂಪ್ಯೂಟರಿನಿಂದ ಕಳಿಸುವ ಏರ್ಪಾಡು. ಹತ್ತು ದಿನಗಳಿಂದ ಅಲ್ಲಿಂದ ಹೊರಟ ಮೇಲ್‌ಗಳೆಲ್ಲ ಹೋದಲ್ಲಿ ಸ್ಪ್ಯಾಮ್‌ಗೆ ಬೀಳುತ್ತಿದ್ದವು. ದೋಹಾದ ಒಂದು ಆಸ್ಪತ್ರೆಗೆ ಹನ್ನೊಂದು ವಿದ್ಯಾರ್ಥಿನಿಯರು ಕಳಿಸಿದ ಒಪ್ಪಿಗೆ ಪತ್ರಗಳೂ ಹಾಗೆಯೇ ಬಿದ್ದವು. ಇವರಿಗೆ ಮನಸ್ಸಿಲ್ಲವೆಂದು ತಿಳಿದ ಆಸ್ಪತ್ರೆ ಸಂದರ್ಶನಕ್ಕೆ ಬೇರೆಯವರನ್ನು ಕರೆಯಿತು.

ಸಿಸ್ಟಮ್ ಅಡ್ಮಿನ್ ವಿಜೇತಾ, 26 ವರ್ಷ, ಕೆಲಸ ಕಾಯಂ ಮಾಡಲಿಲ್ಲವೆಂಬ ಸಿಟ್ಟಿಗೆ ಬೇಕೆಂದೇ ಹೀಗೆ ಮಾಡಿದ್ದಾಳೆ ಎಂದು ದೂರಿನಲ್ಲಿತ್ತು. ಅವಳನ್ನು ಆಗಲೇ ಅಮಾನತು ಮಾಡಿದ್ದರು. 11.30ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 2 ಗಂಟೆಗೆ ವಿಜೇತಾಳ ವಿಚಾರಣೆ.

“ಪಾಸ್‌ವರ್ಡ್ ಯಾರ ಹತ್ತಿರ ಉಂಟು?”

“ನನ್ನ ಹತ್ತಿರ. ಇನ್ನೊಂದು ಪ್ರತಿ ಲಕೋಟೆಯಲ್ಲಿ ಆಫೀಸಿನ ಕಪಾಟಿನಲ್ಲಿ ಉಂಟು.”

“ಎಂತ ಹಾಳಾದದ್ದು?”

“ವಿಷಯ ಗೊತ್ತಾದ ದಿನವೇ, ನಾನು ನೋಡುವ ಮೊದಲೇ ಹೊರಗೆ ಹಾಕಿದ್ರು ಸರ್.” ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. “ಇದರಲ್ಲಿ ನನ್ನ ಹೆಸರು ಉಳಿದ್ರೆ ಮತ್ತೆ ಯಾರೂ ನನ್ನ ಕೈಗೆ ಒಂದು ಕಂಪ್ಯೂಟರ್ ಕೊಡುವುದಿಲ್ಲ.”

ಮರುದಿನ ಬೆಳಿಗ್ಗೆ 10 ಗಂಟೆಗೆ ಸರ್ವರ್ ಕೋಣೆಯಲ್ಲಿ ಪಂಚನಾಮೆ. ಬೀಗ ತೆರೆದವರು ಆಫೀಸ್ ಸೂಪರಿಂಟೆಂಡೆಂಟ್ ಲೋಕನಾಥ, 52 ವರ್ಷ. ಹನ್ನೆರಡು ವರ್ಷದ ಹಿಂದೆ, ಲ್ಯಾಬಿನವರು ಮೂಲೆಗೆ ಹಾಕಿದ್ದ ಕಂಪ್ಯೂಟರಿನಲ್ಲಿ ಈ ಸರ್ವರನ್ನು ಕಟ್ಟಿದವರು ಅವರೇ. ಕಳೆದ ಜನವರಿಯಲ್ಲಿ ವಿಜೇತಾ ಬರುವ ತನಕ ನೋಡಿಕೊಂಡವರೂ ಅವರೇ.

ಪಂಚನಾಮೆ ಮುಗಿಯುವಷ್ಟರಲ್ಲಿ ಅವರ ಫೋನ್ ನಾಲ್ಕು ಸಲ ರಿಂಗಾಯಿತು. ನಾಲ್ಕೂ ಸಲ ಒಂದೇ ಉತ್ತರ. “ಸ್ಪ್ಯಾಮ್‌ನಲ್ಲಿ ನೋಡ್ಲಿಕ್ಕೆ ಹೇಳಿ. ಇಲ್ಲದಿದ್ರೆ ನಾನೇ ಬರ್ತೇನೆ.” ಇಡೀ ಕಾಲೇಜು ಸಾವಿನ ಮನೆಯ ಹಾಗಿದ್ದರೆ ಇವರ ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

“ದಿನಾ ಇಷ್ಟು ಫೋನ್ ಬರ್ತದಾ?” ಬಾಗಿಲ ಹೊರಗೆ ಅವರ ಜೊತೆ ನಿಂತಿದ್ದ ಶೀನಪ್ಪ ಕೇಳಿದರು.

“ಮೊದಲು ಬರ್ತಿತ್ತು ಮಾರಾಯ್ರೆ. ನಡುವೆ ನಿಂತಿತ್ತು.”

“ಯಾವಾಗ ನಿಂತದ್ದು?”

ಲೋಕನಾಥ ಗೋಡೆ ನೋಡಿದರು. “ಜನವರಿಯಲ್ಲಿ.”

ಠಾಣೆಗೆ ಕಂಪ್ಯೂಟರ್ ಬರುವ ಮೊದಲು ಎಫ್‌ಐಆರ್‌ಗಳು ಶೀನಪ್ಪನವರ ಮುತ್ತಿನಂಥ ಅಕ್ಷರದಲ್ಲಿರುತ್ತಿದ್ದವು. ಈಗ ಆ ಅಕ್ಷರ ಯಾರಿಗೂ ಬೇಡ. ಹೊಟ್ಟೆಕಿಚ್ಚಿನ ಮುಖ ಅವರಿಗೆ ಕನ್ನಡಿಯಲ್ಲೇ ಪರಿಚಯವಿತ್ತು.

ಒಳಗೆ ಅಬೂಬಕ್ಕರ್ ಕೀಬೋರ್ಡಿನ ಮುಂದೆ ಕುಳಿತಿದ್ದರು. ಮಂಗಳೂರಿನಲ್ಲಿ ಸೈಬರ್ ತರಬೇತಿ ಪಡೆದವರು ಅವರು. ಅವರು ಕರೆಸಿದ್ದ ವಿಜೇತಾ ಏನನ್ನೂ ಮುಟ್ಟದೆ ಎರಡು ಮಾರು ದೂರ ನಿಂತು ಬಾಯಲ್ಲೇ ದಾರಿ ಹೇಳುತ್ತಿದ್ದಳು. ಸೆಪ್ಟೆಂಬರ್ 13, ಶನಿವಾರ, ಬೆಳಿಗ್ಗೆ 11.20ಕ್ಕೆ ಯಾರೋ ಸೆಟ್ಟಿಂಗ್ ಕಡತದಿಂದ ಒಂದು ಸಾಲು ಅಳಿಸಿದ್ದರು.

“ಈ ಸಾಲು ಎಂತದ್ದು?”

“ಹೊರಗೆ ಹೋಗುವ ಪ್ರತಿ ಮೇಲ್‌ಗೆ ಸರ್ವರ್ ಒಂದು ಸಹಿ ಹಾಕ್ತದೆ ಸರ್. ಅದನ್ನು ಹಾಕಿಸುವ ಸಾಲು. ಸಹಿ ಇಲ್ಲದಿದ್ರೆ ಆ ಕಡೆಯವರು ನಂಬುವುದಿಲ್ಲ, ಸ್ಪ್ಯಾಮ್‌ಗೆ ತಳ್ತಾರೆ. ನಾನು ಬರುವ ಮೊದಲು ಇಲ್ಲಿ ಈ ಸಹಿಯೇ ಇರ್ಲಿಲ್ಲ.”

ಅಳಿಸಿದವರು ಹೊರಗಿನಿಂದ ಬಂದಿರಲಿಲ್ಲ. ಇದೇ ಕೋಣೆಯಲ್ಲಿ, ಇದೇ ಕೀಬೋರ್ಡಿನಲ್ಲಿ ಕೆಲಸ ನಡೆದಿದೆ ಎಂದು ಸರ್ವರಿನ ದಾಖಲೆ ಹೇಳುತ್ತಿತ್ತು.

“13ಕ್ಕೆ ನೀವು ಎಲ್ಲಿದ್ದದ್ದು?”

“ಮೂಡುಬಿದಿರೆಯಲ್ಲಿ. ಅಕ್ಕನ ಸೀಮಂತ. ಫೋಟೋ ಉಂಟು.”

“ರಜೆ ಅರ್ಜಿ ಯಾರಿಗೆ ಕೊಟ್ಟದ್ದು?”

“ಲೋಕನಾಥ ಸರ್‌ಗೆ.”

ಹಾಳಾದ ಕಡತದ ಪಕ್ಕದಲ್ಲಿ ಅದರದ್ದೇ ಒಂದು ಪ್ರತಿ ಇತ್ತು. ಸಾಲು ಅಳಿಸುವ ಎರಡು ನಿಮಿಷ ಮೊದಲು, 11.18ಕ್ಕೆ ತೆಗೆದದ್ದು. ಅಬೂಬಕ್ಕರ್ ಹುಬ್ಬು ಗಂಟಿಕ್ಕಿದರು. ಹಾಳು ಮಾಡಲು ಬಂದವನು ಇಷ್ಟು ಜೋಪಾನವಾಗಿ ಪ್ರತಿ ತೆಗೆದಿಡುವುದು ಎಂತಕ್ಕೆ?

ಅಲ್ಲೇ ಹನ್ನೆರಡು ವರ್ಷದ ಇನ್ನೂ ಎಪ್ಪತ್ತನಾಲ್ಕು ಪ್ರತಿಗಳಿದ್ದವು. ಪ್ರತಿಯೊಂದರ ಹೆಸರಿನ ಬಾಲದಲ್ಲಿ ತಾರೀಕು, ಅದರ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ‘ನೋಡುವ’ ಎಂಬ ಒಂದೇ ಪದ. 13ರ ಪ್ರತಿಗೂ ತಾರೀಕು ಹಾಗೆಯೇ ಬರೆದಿತ್ತು, ಪದ ಮಾತ್ರ ಬೇರೆ.

“ಇವು ನಿಮ್ಮದಾ?”

“ಅಲ್ಲ ಸರ್. ನಾನು ಇಡುವ ಕ್ರಮವೇ ಬೇರೆ.”

24ರಂದು ಮಧ್ಯಾಹ್ನ 3 ಗಂಟೆಗೆ ಲೋಕನಾಥರನ್ನು ಠಾಣೆಗೆ ಕರೆಸಿದರು. ಅಬೂಬಕ್ಕರ್ ಪ್ರತಿಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

“ನಿಮ್ಮದಾ?”

“ನನ್ನದೇ. ಎಂತ ಮುಟ್ಟುವುದಿದ್ರೂ ಮೊದಲು ಒಂದು ಪ್ರತಿ ತೆಗೆದಿಡ್ತೇನೆ. ಅಭ್ಯಾಸ.”

“‘ನೋಡುವ’ ಎಂತಕ್ಕೆ?”

“ಸರಿಯಾಗ್ತದಾ ಇಲ್ವಾ ನನಗೆ ಗೊತ್ತಿರ್ಲಿಲ್ಲ. ಇಟ್ಟು ನೋಡುವ ಅಂತ.”

“ಕೊನೆಯದ್ದು? 13ರದ್ದು?”

ಲೋಕನಾಥ ಪಟ್ಟಿಯನ್ನು ಮುಟ್ಟಲಿಲ್ಲ. ಶೀನಪ್ಪ ಒಂದು ಲೋಟ ನೀರು ತಂದಿಟ್ಟರು.

“ಹನ್ನೆರಡು ವರ್ಷ ನನ್ನಿಂದ ಆಗದ್ದನ್ನು ಅವಳು ಒಂದು ಮಧ್ಯಾಹ್ನ ಮಾಡಿದ್ದು,” ಎಂದರು ಲೋಕನಾಥ. “ಚಾ ಕುಡಿತಾ ಕುಡಿತಾ. ಮತ್ತೆ ನನಗೆ ಒಬ್ಬರೂ ಫೋನ್ ಮಾಡ್ಲಿಲ್ಲ. ನಾನೇ ಹೋಗಿ ಕೇಳ್ತಿದ್ದೆ, ಮೇಲ್ ಹೋಗ್ತಾ ಉಂಟಾ ಅಂತ. ಹೋಗ್ತಾ ಉಂಟು ಅಂತಿದ್ರು. ಅದನ್ನು ಕೇಳುವಾಗೆಲ್ಲ ಹೊಟ್ಟೆ ಉರೀತಿತ್ತು.”

“ಕಪಾಟಿನ ಲಕೋಟೆ ಒಡೆದದ್ದು ನೀವೇ?”

“ಹೌದು.”

“ಹನ್ನೊಂದು ಮಕ್ಕಳ ಕೆಲಸ ಹೋಯ್ತಲ್ಲ ಲೋಕನಾಥರೇ.”

“ಅವರು ಸ್ಪ್ಯಾಮ್‌ನಲ್ಲಿ ನೋಡ್ತಾರೆ ಅಂತ ಎಣಿಸಿದ್ದೆ.”

ಸಂಜೆ 4.20ಕ್ಕೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧವಾದ್ದರಿಂದ ಕತ್ತಲಾಗುವ ಮೊದಲೇ ಲೋಕನಾಥರ ತಮ್ಮ ಬಂದು ಅವರನ್ನು ಕರೆದುಕೊಂಡು ಹೋದ. ಅಮಾನತು ರದ್ದಾದ ಕಾಗದವನ್ನು ಪ್ರೇಮಾವತಿ ಸ್ವತಃ ವಿಜೇತಾಳ ಕೈಗೆ ಕೊಟ್ಟರು, ಆದರೆ ಅವಳ ಮುಖ ನೋಡಲು ಅವರಿಗೆ ಕಷ್ಟವಾಯಿತು.

ದೋಷಾರೋಪ ಪಟ್ಟಿಗೆ ಲಗತ್ತಿಸುವ ಒಂದು ಟಿಪ್ಪಣಿಯನ್ನು ಅಬೂಬಕ್ಕರ್ ಕೈಬರಹದಲ್ಲೇ ಇರಲಿ ಎಂದರು. ಶೀನಪ್ಪ ಹಳೆಯ ಪೆನ್ನು ಹುಡುಕಿ ತಂದು, ಅವಸರ ಮಾಡದೆ ಬರೆದರು: ಆರೋಪಿಯು ತನ್ನ ಸ್ವಂತ ಕೆಲಸದ ಎಪ್ಪತ್ತನಾಲ್ಕು ಪ್ರತಿಗಳಿಗೆ ‘ನೋಡುವ’ ಎಂದು ಹೆಸರಿಟ್ಟಿರುತ್ತಾನೆ. ವಿಜೇತಾರವರು ಮಾಡಿದ್ದ ಸೆಟ್ಟಿಂಗನ್ನು ಹಾಳು ಮಾಡುವ ಮುಂಚೆ ತೆಗೆದಿಟ್ಟ ಪ್ರತಿಗೆ ಮಾತ್ರ ‘ಸರಿ ಉಂಟು’ ಎಂದು ಹೆಸರಿಟ್ಟಿರುತ್ತಾನೆ.

25ರ ಬೆಳಿಗ್ಗೆ ವಿಜೇತಾ ಹೊಸದಾಗಿ ಏನನ್ನೂ ಬರೆಯಬೇಕಾಗಲಿಲ್ಲ. ಆ ಪ್ರತಿಯನ್ನೇ ತೆಗೆದು ಮೊದಲಿನ ಜಾಗದಲ್ಲಿಟ್ಟಳು. ಸಹಿಯೊಂದಿಗೆ ಹೊರಟ ಮೊದಲ ಮೇಲ್ ದೋಹಾಕ್ಕೆ, ಹನ್ನೊಂದು ಹೆಸರುಗಳಿಗೆ ಇನ್ನೊಂದು ಅವಕಾಶ ಕೇಳಿ.