ಸಾಕ್ಷಿ ಮೂರು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಲಾಡ್ಜಿನ ಕೀಲಿಕೈ ಇನ್ನೂ ಮುಷ್ಟಿಯಲ್ಲೇ ಇತ್ತು.

"ನಮ್ಮ ಯಜಮಾನರು ಕಾಣ್ತಿಲ್ಲ."

ಇನ್ಸ್‌ಪೆಕ್ಟರ್ ವಾರವಿಡೀ ಬಂದೋಬಸ್ತ್ ಮಾಡಿ ಆಗಷ್ಟೇ ಕೂತಿದ್ದರು. ಕಣ್ಣು ಉರಿಯುತ್ತಿತ್ತು.

"ಯಾವಾಗಿಂದ?"

"ನಾನು ಸ್ನಾನ ಮಾಡಿ ಬರೋಷ್ಟರಲ್ಲಿ ಇಲ್ಲ. ಒಂದೂವರೆ ಗಂಟೆ ಆಯ್ತು."

"ಒಂದೂವರೆ ಗಂಟೆಗೆಲ್ಲ ಕಂಪ್ಲೇಂಟಾ ಅಮ್ಮ? ಎಲ್ಲೋ ಟೀ ಕುಡಿಯೋಕೆ ಹೋಗಿರ್ತಾರೆ."

"ಇವತ್ತು ಮಧ್ಯಾಹ್ನ ಅವರು ಸಾಕ್ಷಿ ಹೇಳಬೇಕು. ನಾಲ್ಕು ಜನ ಸತ್ತ ಕೇಸು. ಸಂಜೆ ಐದರೊಳಗೆ ಹೇಳದಿದ್ರೆ ಆಮೇಲೆ ಅವರ ಮಾತು ಯಾರೂ ಕೇಳಲ್ಲ. ಈಗ ಹೇಳಿ, ಟೀ ಕುಡಿಯೋಕೆ ಹೋಗಿದ್ದಾರಾ?"

ಇನ್ಸ್‌ಪೆಕ್ಟರ್ ನೆಟ್ಟಗೆ ಕೂತರು.

ಆಕೆಯ ಗಂಡ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತೆಯ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರಿದ್ದಾಗಲೇ ಅಲ್ಲಿ ಟ್ಯಾಂಕ್ ಸಿಡಿದು ನಾಲ್ವರು ಸತ್ತರು. ಸಿಡಿಯುತ್ತದೆ ಎಂದು ಕಂಪನಿಗೆ ಮೊದಲೇ ಗೊತ್ತಿತ್ತೇ ಇಲ್ಲವೇ ಎಂಬುದೇ ಮೊಕದ್ದಮೆ. ಗೊತ್ತಿತ್ತು, ನಾನೇ ಹೋಗಿ ಹೇಳಿದ್ದೆ ಎನ್ನಲು ಉಳಿದಿದ್ದವರು ಇವರೊಬ್ಬರೇ. ಸತ್ತವರ ಕುಟುಂಬದವರೂ ವಿದೇಶಿ ಕಂಪನಿಯೂ ಒಪ್ಪಿಕೊಂಡ ಮೂವರು ಮಧ್ಯಸ್ಥರು ಮೂರು ದೇಶಗಳಲ್ಲಿ ಕೂತು ಪರದೆಯ ಮೇಲೆ ವಿಚಾರಣೆ ಮಾಡುತ್ತಾರೆ. ಸಾಕ್ಷಿಗಳು ಕೂರಲು ಈ ಊರಿನಲ್ಲೊಂದು ಹಾಲ್ ಹಿಡಿದಿದ್ದರು.

"ಮರೆವು ಗಿರೆವು ಇದೆಯಾ ಅವರಿಗೆ?"

"ಇಲ್ಲ!"

ಉತ್ತರ ಪ್ರಶ್ನೆಗಿಂತ ಮುಂದೆ ಓಡಿತು. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು, ಕೆದಕಲಿಲ್ಲ. ಎಫ್‌ಐಆರ್ ಹಾಕಿಸಿ, ಮುಖ್ಯ ಪೇದೆಯನ್ನು ಕರೆದುಕೊಂಡು ಲಾಡ್ಜಿಗೆ ಹೊರಟರು. ಮುಖ್ಯ ಪೇದೆಯನ್ನು ಠಾಣೆಯಲ್ಲಿ ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ಷೂ ಲೇಸು ಕಟ್ಟಲು ಅರ್ಧ ದಿನ ತೆಗೆದುಕೊಳ್ಳುವ ಆಸಾಮಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ.

ರೂಮಿನಲ್ಲಿ ಪಂಚನಾಮೆ ಮಾಡಿದರು. ವಿಚಾರಣೆಗೆಂದು ಇಸ್ತ್ರಿ ಮಾಡಿಸಿದ್ದ ಶರ್ಟು ಗೂಟದಲ್ಲೇ ಇತ್ತು. ಕನ್ನಡಕ, ಫೋನು ಇರಲಿಲ್ಲ. ಕರೆ ಮಾಡಿದರೆ ಫೋನು ಸ್ವಿಚ್ ಆಫ್. ಜಗ್ಗಾಡಿದ ಗುರುತಿಲ್ಲ.

ಲಾಡ್ಜಿನ ಕ್ಯಾಮೆರಾದಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಕೊಡೆ ಹಿಡಿದ ಹೆಂಗಸೊಬ್ಬಳು ಇಳಿದಳು. ಕೊಡೆಯ ಮರೆಯಲ್ಲಿ ಮುಖ ಕಾಣಲಿಲ್ಲ. ಮುದುಕರು ಹೊರಗೆ ಬಂದವರೇ ಕೊಡೆ ಸರಿಸಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದರು. ಆಮೇಲೆ ತಾವಾಗಿಯೇ ಕಾರಿನಲ್ಲಿ ಕೂತರು.

"ಇನ್ನೊಂದು ಸಲ ಹಾಕು," ಎಂದರು ಇನ್ಸ್‌ಪೆಕ್ಟರ್. ನೋಡಿ, "ಅಪಹರಣ ಮಾಡೋಕೆ ಬಂದವಳ ತಲೆಗೆ ಯಾರಯ್ಯ ಮೊಟಕ್ತಾರೆ?" ಎಂದರು.

"ನಮ್ಮಜ್ಜ ಮೊಟಕ್ತಿದ್ದ ಸಾರ್. ಕಂಡೋರಿಗಲ್ಲ, ಮನೆ ಮಕ್ಕಳಿಗೆ."

ಮನೆಯ ಮಕ್ಕಳು ಯಾರ್ಯಾರು ಎಂದು ಮುದುಕರ ಹೆಂಡತಿಯನ್ನು ಕೇಳಿದರು. ಮಗಳು ಹೊರದೇಶದಲ್ಲಿ, ಹೆರಿಗೆಯಾಗಿ ಇನ್ನೂ ಆಸ್ಪತ್ರೆಯಲ್ಲಿದ್ದಳು. ಮತ್ತೆ?

"ಅವರ ತಂಗಿ ಮಗಳೊಬ್ಬಳಿದ್ದಾಳೆ. ನಮ್ಮನೇಲೇ ಇದ್ದು ಓದಿದೋಳು. ಈಗ ಎಲ್ಲೋ ದೊಡ್ಡ ವಕೀಲೆಯಂತೆ. ನಮ್ಮ ಕಡೆ ತಲೆ ಹಾಕಿ ಹತ್ತು ವರ್ಷ ಆಯ್ತು. ಅವಳು ಯಾಕೆ ಬರ್ತಾಳೆ?"

ಆಕೆಯ ಫೋನಿನಲ್ಲಿ ಆ ಹುಡುಗಿಯ ಹಳೆಯ ಫೋಟೋ ಒಂದಿತ್ತು. ಗಡಿಬಿಡಿ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡ.

ಕಂಪನಿಯ ಪರ ವಾದಿಸುವ ವಕೀಲರ ಸಂಸ್ಥೆಗೆ ಮೂವತ್ತು ದೇಶಗಳಲ್ಲಿ ಕಚೇರಿ. ಇಲ್ಲಿಯದು ಒಂದು ಎತ್ತರದ ಕಟ್ಟಡದ ಮೇಲಿನ ಮೂರು ಮಹಡಿ. ಗೋಡೆಗಳೆಲ್ಲ ಗಾಜು. ಇಷ್ಟು ಗಾಜು ಇಟ್ಟವರು ಒಳಗಿನದ್ದನ್ನು ಯಾರಿಗೂ ತೋರಿಸುವುದಿಲ್ಲ. ಸ್ವಾಗತದ ಮೇಜಿನ ಹಿಂದೆ ಸಂಸ್ಥೆಯ ಸೇವೆಗಳು ಒಂದಾದ ಮೇಲೊಂದು ಪರದೆಯಲ್ಲಿ ಹಾಯುತ್ತಿದ್ದವು: ಹಡಗು, ವಿಮಾನ, ತೆರಿಗೆ, ಪೇಟೆಂಟು, ಕಂಪನಿಗಳ ಮಾರಾಟ, ಕಂಪನಿಗಳ ಜಗಳ.

"ಸಾರ್, ಉಪಗ್ರಹಕ್ಕೂ ವಕೀಲರಿದ್ದಾರೆ ಇಲ್ಲಿ," ಎಂದ ಗಡಿಬಿಡಿ.

"ಕಾಣೆಯಾದವರಿಗೆ ಇದ್ದಾರಾ ನೋಡು."

ಕಾಲು ಗಂಟೆ ಕಾಯಿಸಿ ಐದು ಜನ ಒಟ್ಟಿಗೆ ಬಂದರು. ಒಬ್ಬ ಕ್ರಿಮಿನಲ್ ವಿಷಯಕ್ಕೆ, ಒಬ್ಬಳು ಖಾಸಗಿ ಮಾಹಿತಿಯ ವಿಷಯಕ್ಕೆ, ಒಬ್ಬ ಸಿಬ್ಬಂದಿ ವಿಷಯಕ್ಕೆ. ಇನ್ನೊಬ್ಬಳು ಉಳಿದವರು ಹೇಳಿದ್ದನ್ನು ಬರೆದುಕೊಳ್ಳುವುದಕ್ಕೆ. ಐದನೆಯವನು ಈ ಕೇಸಿನ ಕಿರಿಯ ವಕೀಲ. ಟೈ ಸಡಿಲವಾಗಿತ್ತು.

"ಇವತ್ತಿನ ಸಾಕ್ಷಿಗೆ ಪಾಟೀಸವಾಲು ಹಾಕೋರು ಯಾರು?"

"ಅದು ಕಕ್ಷಿದಾರರ ಗೋಪ್ಯತೆಗೆ ಒಳಪಡಬಹುದು, ಒಳಪಡದೆಯೂ ಇರಬಹುದು," ಎಂದ ಕ್ರಿಮಿನಲ್ ವಿಷಯದವನು.

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಸ್ವಾಮಿ. ಒಬ್ಬ ಮುದುಕ ಕಾಣ್ತಿಲ್ಲ. ಅವರ ಸಾಕ್ಷಿ ತಪ್ಪಿಹೋದ್ರೆ ಲಾಭ ಆಗೋದು ನಿಮಗೆ. ಎಫ್‌ಐಆರ್‌ನಲ್ಲಿ ನಿಮ್ಮ ಸಂಸ್ಥೆ ಹೆಸರು ಬರೀಲಾ?"

ಕಿರಿಯ ವಕೀಲ ಬಾಯಿಬಿಟ್ಟ. "ನಮ್ಮ ಮೇಡಂ ಸಾರ್. ಜ್ವರ ಅಂತ ಬೆಳಿಗ್ಗೆ ಮೆಸೇಜ್ ಮಾಡಿದ್ರು. ನಾನೇ ಹಾಕಬೇಕಂತೆ."

ಗಡಿಬಿಡಿ ಫೋಟೋ ತೋರಿಸಿದ. ಕಿರಿಯ ಫೋನನ್ನು ಹತ್ತಿರ ಎಳೆದುಕೊಂಡು ನೋಡಿದ.

"ಇದು... ಮೇಡಮ್ಮೇ."

"ಸಾಧ್ಯವೇ ಇಲ್ಲ," ಎಂದ ಸಿಬ್ಬಂದಿ ವಿಷಯದವನು. "ಪ್ರತಿ ಕೇಸಿಗೂ ಮುಂಚೆ ನಾವು ಎಲ್ಲರನ್ನೂ ಕೇಳ್ತೀವಿ. ಈ ಕಕ್ಷಿದಾರರು, ಈ ಸಾಕ್ಷಿಗಳು ನಿಮಗೇನಾದ್ರೂ ಆಗಬೇಕಾ ಅಂತ. ಅವರು ಕಂಪ್ಯೂಟರಿನಲ್ಲಿ 'ಇಲ್ಲ' ಅಂತ ಒತ್ತಿದ್ದಾರೆ."

ಇನ್ಸ್‌ಪೆಕ್ಟರ್ ಕಿರಿಯನ ಕಡೆ ತಿರುಗಿದರು. "ನೀವೂ ಒತ್ತಿದ್ರಾ?"

"ಒತ್ತಿದ್ದೀನಿ."

"ಓದಿ ಒತ್ತಿದ್ರಾ?"

ಅವನು ಹಿರಿಯರ ಮುಖ ನೋಡಿದ. "ಎಲ್ಲಾ ದೇಶದ ಕೇಸಿಂದೂ ಬರ್ತವೆ ಸಾರ್, ದಿನಕ್ಕೆ ನಲವತ್ತು. ಯಾರೂ ಓದಲ್ಲ. ಬಂದ ತಕ್ಷಣ 'ಇಲ್ಲ' ಅಂತ ಒತ್ತಿಬಿಡ್ತೀವಿ."

ಬರೆದುಕೊಳ್ಳುತ್ತಿದ್ದವಳ ಪೆನ್ನು ನಿಂತಿತು. ಇನ್ನೊಬ್ಬರ ಕಾಗದದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಹಿಡಿಯುವ ಜನ ಇವರು.

ನೆಲಮಾಳಿಗೆಯಲ್ಲಿ ಸಂಸ್ಥೆಯ ಡ್ರೈವರ್ ಸಿಕ್ಕಿದ. ಕ್ಯಾಮೆರಾದಲ್ಲಿ ಕಂಡ ಬಿಳಿ ಕಾರು ಅವನು ಓಡಿಸುವುದೇ.

"ಮೇಡಂ ತಾವೇ ಓಡಿಸ್ತೀನಿ ಅಂತ ಕೀ ಇಸ್ಕೊಂಡ್ರು. ಗೆಸ್ಟ್ ಫ್ಲಾಟಿನ ಕೀನೂ ಕೇಳಿದ್ರು. ಹೊರದೇಶದ ವಕೀಲರು ಬಂದ್ರೆ ಇರೋ ಜಾಗ. ಈಗ ಖಾಲಿ ಇದೆ."

ಮಹಿಳಾ ಪೇದೆಯನ್ನು ಕರೆಸಿಕೊಂಡು ಫ್ಲಾಟ್ ಮುಟ್ಟುವಾಗ ಮಧ್ಯಾಹ್ನ ಒಂದೂಮುಕ್ಕಾಲು. ಮೂರು ಸಲ ಬೆಲ್ ಒತ್ತಿದ ಮೇಲೆ ಒಳಗಿನಿಂದ ಬೀಗ ತೆಗೆದ ಸದ್ದಾಯಿತು. ಬಾಗಿಲಲ್ಲಿ ನಿಂತವಳಿಗೆ ಜ್ವರವಿರಲಿಲ್ಲ. ಪೊಲೀಸರನ್ನು ನೋಡಿ ಪಕ್ಕಕ್ಕೆ ಸರಿದಳು. ಮುದುಕರ ಫೋನು ಅವಳ ಚೀಲದಲ್ಲಿ ಸಿಕ್ಕಿತು.

ಮುದುಕರು ಕಿಟಕಿಯ ಹತ್ತಿರ ಕೂತಿದ್ದರು. "ವಿಚಾರಣೆ ಮುಂದಕ್ಕೆ ಹೋಯ್ತಂತಲ್ಲ," ಎಂದರು. "ನಮ್ಮನೆಯವಳಿಗೆ ಫೋನ್ ಮಾಡಿ ಹೇಳಿದ್ದಾಳಂತೆ ಇವಳು."

"ಮುಂದಕ್ಕೆ ಹೋಗಿಲ್ಲ ಯಜಮಾನರೇ. ಎರಡು ಗಂಟೆಗೆ ಶುರು. ನಿಮ್ಮ ಮನೆಯವರು ಠಾಣೆಯಲ್ಲಿ ಕೂತಿದ್ದಾರೆ."

ಮುದುಕರು ತಂಗಿಯ ಮಗಳನ್ನು ನೋಡಿದರು. "ಏನೇ ಇದು?"

ಅವಳು ನಿಂತಲ್ಲೇ ಹೇಳಿದಳು. ಮಾವ ಆ ಕಾರ್ಖಾನೆಗೆ ಸೇರಿದ್ದೇ ಅವಳು ಮನೆ ಬಿಟ್ಟ ಮೇಲೆ; 'ಇಲ್ಲ' ಎಂದು ಓದದೆ ಒತ್ತಿದ್ದಳು. ಆಮೇಲೆ ಸಂಸ್ಥೆಯ ಕಾಗದಗಳಲ್ಲಿ ಸಾಕ್ಷಿಗಳಿಗೆ ಹೆಸರಿಲ್ಲ, ನಂಬರು. ಸಾಕ್ಷಿ ಮೂರು. ಅವರ ಮೊದಲ ಹೇಳಿಕೆಯ ವಿಡಿಯೊ ನೋಡಿದ ವೈದ್ಯರೊಬ್ಬರು ಈತನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಬರೆದು ಕೊಟ್ಟಿದ್ದರು. ಎಲ್ಲಿ ಚುಚ್ಚಿದರೆ ಸಾಕ್ಷಿ ಕುಸಿಯುತ್ತಾನೆ ಎಂದು ಆ ವರದಿ ಇಟ್ಟುಕೊಂಡು ಅವಳೇ ಪ್ರಶ್ನೆ ಬರೆದಳು. ಕಳೆದ ವಾರ ವಿಡಿಯೊವನ್ನು ತಾನೇ ಹಾಕಿ ನೋಡಿದಳು.

"ಪರದೇಲಿ ನೀವಿದ್ರಿ ಮಾವ."

"ಹಾಗಾದ್ರೆ ಕೇಸು ಬಿಡಬೇಕಿತ್ತು," ಎಂದರು ಇನ್ಸ್‌ಪೆಕ್ಟರ್.

"ಸುಳ್ಳು ಒತ್ತಿದ್ದೀನಿ ಅಂತ ನನ್ನ ಕೆಲಸ ಹೋಗ್ತಿತ್ತು. ಹೋದ್ರೂ ಪ್ರಶ್ನೆ ಹೋಗಲ್ಲ ಸಾರ್. ಅವು ಸಂಸ್ಥೆಯವು. ಇನ್ಯಾರೋ ಕೇಳ್ತಾರೆ. ಎಲ್ಲರೆದುರಿಗೆ ಮಾವನ್ನ..."

"ನಂಗೆ ಮರೆವಿದೆ ಅಂತ ನಂಗೊತ್ತಿಲ್ವೇನೆ?" ಮುದುಕರ ದನಿ ಏರಿತು. "ನಿಮ್ಮತ್ತೆ ಮುಚ್ಚಿಡ್ತಾಳೆ, ನಾನೂ ಗೊತ್ತಿಲ್ಲದ ಹಾಗೆ ಇರ್ತೀನಿ. ಅದಕ್ಕೇ ಇವತ್ತೇ ಹೇಳಬೇಕು ಅಂತ ಹಟ ಹಿಡಿದು ಬಂದೆ. ಮುಂದಿನ ವರ್ಷಕ್ಕೆ ನನ್ನ ಹತ್ರ ಏನುಳಿಯುತ್ತೆ? ನನ್ನ ಮಾನ ಮುಚ್ಚೋಕೆ ಆ ನಾಲ್ಕು ಜನರನ್ನ ಇನ್ನೊಂದು ಸಲ ಹೂಳ್ತೀಯಾ?"

ಮುದುಕರು ಎದ್ದು ಅಂಗಿ ಎಳೆದು ಸರಿಮಾಡಿಕೊಂಡರು. "ಇನ್ಸ್‌ಪೆಕ್ಟ್ರೇ, ಇನ್ನೂ ಹೊತ್ತಿದೆಯಾ?"

"ಇದೆ. ನಡೀರಿ."

ಸಾಕ್ಷಿಯನ್ನು ಅಕ್ರಮವಾಗಿ ಕೂಡಿಹಾಕಿದ ಆರೋಪದ ಮೇಲೆ ಅವಳನ್ನು ಅಲ್ಲೇ ಬಂಧಿಸಿದರು. ಮಹಿಳಾ ಪೇದೆ ಠಾಣೆಗೆ ಕರೆದೊಯ್ದಳು. ಇನ್ಸ್‌ಪೆಕ್ಟರ್ ಮುದುಕರನ್ನು ಜೀಪಿನಲ್ಲಿ ಹಾಲಿಗೆ ಮುಟ್ಟಿಸಿ, ಠಾಣೆಯಿಂದ ಅವರ ಹೆಂಡತಿಯನ್ನೂ ಕರೆಸಿ, ಗಡಿಬಿಡಿಯ ಜೊತೆ ಹಿಂದಿನ ಕುರ್ಚಿಯಲ್ಲಿ ಕೂತರು. ನಿದ್ದೆ ಬರುತ್ತಿದ್ದರೂ ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ಸಂಜೆ ಠಾಣೆಯಲ್ಲಿ ರಿಮ್ಯಾಂಡ್ ವರದಿ ಬರೆಯುವಾಗ ಗಡಿಬಿಡಿ ತಲೆ ಕೆರೆದುಕೊಂಡ. "ಉದ್ದೇಶ ಏನಂತ ಬರೀಲಿ ಸಾರ್? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ, ಎರಡೂ ಇದೆ."

"ಎರಡೂ ಬರಿ. ಕೆಲಸದ ಭಯ ಮೊದಲು ಬರಿ."

ಬೆಂಚಿನ ಮೇಲಿದ್ದ ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಮಾವ ಹೇಗೆ ಹೇಳಿದ್ರು?"

ಟ್ಯಾಂಕಿನ ವಿಷಯವನ್ನು ಮುದುಕರು ಗಟ್ಟಿಯಾಗಿ ಹೇಳಿದ್ದರು. ಯಾವ ವಾಲ್ವು, ಯಾವ ಸದ್ದು, ಯಾರ ಹತ್ತಿರ ಹೋಗಿ ಹೇಳಿದ್ದು, ಎಲ್ಲ. ಆಮೇಲೆ ಕಿರಿಯ ವಕೀಲ ತಲೆ ಬಗ್ಗಿಸಿಕೊಂಡೇ ಪ್ರಶ್ನೆ ಓದುತ್ತ ಹೋದ. ಬೆಳಿಗ್ಗೆ ಎಲ್ಲಿದ್ದಿರಿ, ಇದು ಯಾವ ತಿಂಗಳು. ಮುದುಕರು ಒಂದನ್ನೇ ಮೂರು ಸಲ ಹೇಳಿದರು. ಕೊನೆಗೆ, ಹಿಂದೆಯೇ ಕೂತಿದ್ದ ಹೆಂಡತಿ ಎಲ್ಲಿ ಎಂದು ತಿರುಗಿ ಹುಡುಕಿದರು. ಪರದೆಯ ಮೇಲಿನ ಮೂವರೂ ಏನನ್ನೋ ಬರೆದುಕೊಂಡರು. ಯಾವುದನ್ನು ಬರೆದುಕೊಂಡರೋ ಯಾರಿಗೂ ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಪ್ರಶ್ನೆ ಚೆನ್ನಾಗಿ ಬರೆದಿದ್ದೀರಮ್ಮ," ಎಂದರು.