ಫೈಲು ಎತ್ತಿಕೊಂಡು ಹೋದ ಗಂಡ

"ನಿಮ್ಮ ಫೈಲು ಇಲ್ಲಿಲ್ಲಮ್ಮ. ನಿನ್ನೆನೇ ನಿಮ್ಮ ಯಜಮಾನ್ರು ಬಂದು ಸಹಿ ಹಾಕಿ ತಗೊಂಡು ಹೋದ್ರು."

ಕೌಂಟರಿನ ಸಿಸ್ಟರ್ ತಲೆ ಎತ್ತದೆಯೇ ಹೇಳಿದರು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಗಂಡನದೇ ಸಹಿ.

ಸರ್ಕಾರಿ ಆಸ್ಪತ್ರೆಯ ಉಚಿತ ಐವಿಎಫ್ ಚಿಕಿತ್ಸೆಗೆ ಹೆಸರು ಬರೆಸಿ ಮೂರು ವರ್ಷವಾಗಿತ್ತು. ಇನ್ನು ಐದು ವಾರಕ್ಕೆ ಅವಳಿಗೆ ನಲವತ್ತು. ಅಷ್ಟರೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಪಟ್ಟಿಯಿಂದ ಹೆಸರನ್ನೇ ತೆಗೆಯುತ್ತಾರೆ. ಅಂಥದ್ದರಲ್ಲಿ ಗಂಡನೇ ಫೈಲು ವಾಪಸ್ ಪಡೆದರೆ...

'ಮಗು ಬೇಡವಾಗಿದ್ದರೆ ನನಗೆ ಹೇಳಬಹುದಿತ್ತಲ್ಲ!'

ಅವಳ ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಅಲ್ಲಿ ಎಲ್ಲರೂ ಅವನನ್ನು 'ಟೈಮಿಂಗ್' ಎಂದೇ ಕರೆಯುತ್ತಿದ್ದರು. ಮಾತಾಡಿದರೆ ಎಲ್ಲಿ ಮುತ್ತು ಉದುರುತ್ತದೋ ಎನ್ನುವಂಥ ಆಸಾಮಿ. ಅದರಲ್ಲೂ ಎರಡು ವಾರದಿಂದ ಏನು ಕೇಳಿದರೂ "ನೋಡೋಣ" ಅಂದದ್ದೇ ಅಂದದ್ದು.

ಕಣ್ಣೊರೆಸಿಕೊಂಡು ತಿರುಗಿದಳು. ಕಾರಿಡಾರಿನ ಕೊನೆಯಲ್ಲಿ, ದೊಡ್ಡ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಅವನೇ ಕೂತಿದ್ದ. ತೊಡೆಯ ಮೇಲೆ ಅದೇ ಫೈಲು.

"ಯಾಕ್ರೀ ಹೀಗ್ ಮಾಡಿದ್ರಿ? ಬೇಡ ಅಂತಿದ್ರೆ ನನ್ ಮುಖ ನೋಡ್ಕೊಂಡು ಹೇಳ್ಬೇಕಿತ್ತು."

ಅವನು ಕಕ್ಕಾಬಿಕ್ಕಿಯಾಗಿ ಎದ್ದು ನಿಂತ. "ಬೇಡ ಅಂದೋರ್ಯಾರು? ಕೂತ್ಕೋ ಮೊದ್ಲು."

ಫೈಲಿನಿಂದ ಒಂದು ದೊಡ್ಡ ಹಾಳೆ ತೆಗೆದು ಬಿಡಿಸಿದ. ಡಿಪೋದಲ್ಲಿ ಬಸ್ಸುಗಳಿಗೆ ಎಳೆಯುವ ಹಾಗೆಯೇ ಕೆಂಪು ಗೆರೆ, ನೀಲಿ ಗೆರೆ.

"ಕೆಂಪು ಗೆರೆ ನಮ್ ರಕ್ತಪರೀಕ್ಷೆ ರಿಪೋರ್ಟು, ಆರು ತಿಂಗಳಿಗೆ ಹಳೇದಾಗತ್ತೆ. ನೀಲಿ ಗೆರೆ ನಮ್ ಸರದಿ, ಅದು ಬರೋದು ಎಂಟು ತಿಂಗಳಿಗೆ. ರಿಪೋರ್ಟ್ ಹಳೇದು ಅಂತ ವಾಪಸ್ ಕಳಿಸ್ತಾರೆ. ಹೊಸದು ತಂದ್ರೆ ಮತ್ತೆ ಪಟ್ಟಿ ಕೊನೆಗೆ. ಹೀಗಾದ್ರೆ ಮೂವತ್ತು ವರ್ಷ ಕಾದ್ರೂ ಅಷ್ಟೇ. ಮುಂದಿನ ಬಸ್ ಹೊರಟ ಮೇಲೆ ಹಿಂದಿನ ಬಸ್ ಬಂದ್ರೆ ಇಳಿದೋರು ಹತ್ತೋದು ಹೇಗೆ ಹೇಳು?"

ಅವಳು ಬೆರಳಿಟ್ಟು ಗೆರೆಗಳನ್ನು ನೋಡಿದಳು. ಎರಡು ಗೆರೆ ಎಲ್ಲಿಯೂ ಕೂಡಿರಲಿಲ್ಲ. ಮೂರು ವರ್ಷದ ಕಣ್ಣೀರಿಗೆ ಇಷ್ಟೇ ಕಾರಣವೇ?

"ದೊಡ್ಡ ಡಾಕ್ಟರಿಗೆ ತೋರಿಸ್ದೆ. ಎರಡೆರಡು ಸಲ ನೋಡಿದ್ರು. ಹೊಸ ಪರೀಕ್ಷೆ ಮಾಡಿಸಿ ಫೈಲ್ ಜೊತೆ ನೀವೇ ಬನ್ನಿ ಅಂದ್ರು. ಮಾಮೂಲಿ ಪರೀಕ್ಷೆ ಅಂತ ಹೇಳಿ ಹೋದ ವಾರ ಇಬ್ರೂ ರಕ್ತ ಕೊಟ್ವಲ್ಲ, ಅದಕ್ಕೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಮೂರು ಸಲ ಆಸೆ ಹುಟ್ಸಿ ಅಳಿಸಿದೀನಿ ಕಣೆ. ನಾಲ್ಕನೇ ಸಲ ಬರಿಗೈಲಿ ಬರೋಕೆ ಧೈರ್ಯ ಬರ್ಲಿಲ್ಲ."

"ಹೇಳ್ದೇ ಇದ್ದಿದ್ದಕ್ಕೆ ಈಗೇನು ನಗ್ತಾ ಇದ್ದೀನಾ?"

ಪಾಪ, ಟೈಮಿಂಗ್ ಸಾಹೇಬರು ಹಾಳೆಯನ್ನು ಮತ್ತೆ ಮಡಚತೊಡಗಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು ತಾವೇ ಹೊರಗೆ ಬಂದರು.

"ಸೋಮವಾರದಿಂದ ಇಂಜೆಕ್ಷನ್ ಶುರು ಮಾಡೋಣಮ್ಮ. ನಿಮ್ಮವರ ಹಾಳೆ ನಮ್ಮ ಕಣ್ಣು ತೆರೆಸ್ತು. ಹೀಗೇ ಸಿಕ್ಕಾಕೊಂಡಿದ್ದ ಇನ್ನೂ ಹನ್ನೊಂದು ಜೋಡಿಗೆ ಇವತ್ತೇ ದಿನ ಕೊಡ್ತಿದ್ದೀವಿ. ಇನ್ಮೇಲೆ ಸರದಿ ಹತ್ರ ಬಂದಾಗ್ಲೇ ಪರೀಕ್ಷೆ."

ಬೆಂಚಿನ ಆಚೆ ತುದಿಯಲ್ಲಿ ಕೂತಿದ್ದ ಅಪರಿಚಿತ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳೂ ಆ ಹನ್ನೊಂದರಲ್ಲಿ ಒಬ್ಬಳು. ಇಬ್ಬರೂ ಗುರುತಿಲ್ಲದೆಯೇ ತಬ್ಬಿಕೊಂಡರು. ಇವಳಿಗೆ ಆ ಕ್ಷಣ ತನ್ನ ಗಂಡನ ಬಗ್ಗೆ ಹುಟ್ಟಿದ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ಅವನ ಕೈ ಹಿಡಿದಳು.

"ಇಷ್ಟೆಲ್ಲ ಆದ್ಮೇಲೂ ಗರ್ಭ ನಿಲ್ಲದೇ ಹೋದ್ರೆ..?"

"ಇಬ್ರೂ ಕೂತು ಅಳೋಣ. ಆದ್ರೆ ಒಟ್ಟಿಗೆ. ನಂಗೆ ಮೊದ್ಲು ನೀನು ಬೇಕು, ಮಗು ಆಮೇಲೆ."

"ಈ ಮಾತನ್ನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

"ನೀನು ಕೇಳ್ಲಿಲ್ಲ."

"ಈಗ ಕೇಳ್ತಿದ್ದೀನಿ. ಇನ್ನೊಂದ್ಸಲ ಹೇಳಿ."

ಜನ ಹತ್ತಿ ಇಳಿಯುತ್ತಿದ್ದ ಆ ಮೆಟ್ಟಿಲ ಮೇಲೆಯೇ ನಿಂತು, ಅವನು ಇನ್ನೊಂದು ಸಲ ಹೇಳಿದ.